ಬೆಳಗಾವಿಯಿಂದ ಹೊರರಾಜ್ಯಕ್ಕೆ ಬಿಬಿಎ ಓದಲು: ವಿಶ್ವವಿದ್ಯಾಲಯ ಆರಿಸುವುದು ಹೇಗೆ?

ದ್ವಿತೀಯ ಪಿಯು ಫಲಿತಾಂಶದ ಹೊತ್ತಿಗೆ ಬೆಳಗಾವಿಯಲ್ಲಿ ಎಜುಕೇಶನ್ ಫೇರ್‌ಗಳು ಶುರುವಾಗುತ್ತವೆ. ಹೊರರಾಜ್ಯದ ಕಾಲೇಜಿನವರು ಹೋಟೆಲ್ ಹಾಲ್‌ನಲ್ಲಿ ಟೇಬಲ್ ಹಾಕಿ ಕೂರುತ್ತಾರೆ. ಕೈಗೆ ಹೊಳೆಯುವ ಬ್ರೋಷರ್ ಕೊಡುತ್ತಾರೆ. ಇವತ್ತೇ ಸೀಟು ಬುಕ್ ಮಾಡಿದರೆ ಫೀಯಲ್ಲಿ ರಿಯಾಯಿತಿ ಅನ್ನುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡಿ, ನಾಲ್ಕು ಜನರನ್ನು ಕೇಳಿ ದುಡ್ಡು ಕೊಡುವ ನಮ್ಮ ಜನ, ಮಕ್ಕಳ ಡಿಗ್ರಿ ವಿಷಯದಲ್ಲಿ ಮಾತ್ರ ಅರ್ಧ ಗಂಟೆಯಲ್ಲಿ ಹತ್ತು-ಹದಿನೈದು ಲಕ್ಷದ ನಿರ್ಧಾರ ಮಾಡಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಯಾಕಂದ್ರೆ ನೋಡಬೇಕಾದ ಮಾಹಿತಿ ಬಹುತೇಕ ಎಲ್ಲಾ ಪುಕ್ಕಟೆ ಸಿಗುತ್ತದೆ. ಎಲ್ಲಿ ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಒಂದು ಮಾತು ಮೊದಲೇ ಹೇಳುತ್ತೇನೆ. ನೀವು ಆರಿಸಬೇಕಾದದ್ದು ಊರನ್ನಲ್ಲ, ಹೆಸರನ್ನೂ ಅಲ್ಲ. ಒಂದು ಕ್ಯಾಂಪಸ್ಸಿನ ಒಂದು ಕೋರ್ಸನ್ನು, ಅದರ ಮೂರು ವರ್ಷದ ಪೂರ್ತಿ ಖರ್ಚಿನ ಜೊತೆ.

ಮೊದಲ ಹೆಜ್ಜೆ: ಹೊರಗೆ ಯಾಕೆ ಹೋಗಬೇಕು?

ಈ ಪ್ರಶ್ನೆಗೆ ಮನೆಯಲ್ಲಿ ಎಲ್ಲರೂ ಕೂತು ಉತ್ತರ ಬರೆದಿಡಿ. 'ಎಕ್ಸ್‌ಪೋಷರ್ ಸಿಗುತ್ತೆ' ಅನ್ನುವುದು ಉತ್ತರ ಅಲ್ಲ. ಇಲ್ಲಿ ಸಿಗದ ಯಾವುದು ಅಲ್ಲಿ ಸಿಗುತ್ತದೆ ಅಂತ ಹೇಳಬೇಕು.

ಉದ್ಯಮಬಾಗದಲ್ಲಿ ಅಪ್ಪನ ಫೌಂಡ್ರಿ ಇದೆ, ಮಗ ಓದಿ ಬಂದು ಅದನ್ನೇ ನೋಡಿಕೊಳ್ಳುತ್ತಾನೆ ಅಂದುಕೊಳ್ಳಿ. ಅವನಿಗೆ ಬೇಕಾದದ್ದು ಕಾಸ್ಟಿಂಗ್, ಜಿಎಸ್‌ಟಿ, ರಫ್ತಿನ ಕಾಗದಪತ್ರ, ಬ್ಯಾಂಕಿನ ಜೊತೆ ವ್ಯವಹಾರ. ಕ್ಯಾಂಪಸ್ ಪ್ಲೇಸ್‌ಮೆಂಟ್ ಎಷ್ಟು ಚೆನ್ನಾಗಿದ್ದರೂ ಅವನಿಗೆ ಅದರಿಂದ ಏನೂ ಆಗಬೇಕಿಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರ ಮನೆಯ ಹುಡುಗಿ ಒಣದ್ರಾಕ್ಷಿ ವ್ಯಾಪಾರವನ್ನೇ ಬೆಳೆಸಬೇಕು ಅಂತಿದ್ದರೆ, ನಮ್ಮ ಒಣದ್ರಾಕ್ಷಿ ಹೋಗುವ ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಯ ಹತ್ತಿರದ ಕಾಲೇಜು ಅವಳಿಗೆ ದೂರದ ದೊಡ್ಡ ಹೆಸರಿಗಿಂತ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮುಂದೆ ಎಂಬಿಎ ಮಾಡುವುದೇ ಗುರಿ ಅಂದರೆ ಲೆಕ್ಕ ಬೇರೆ. ಐಐಎಂಗಳ ಕ್ಯಾಟ್ ಪರೀಕ್ಷೆ ಬರೆಯಲು ಯಾವುದೇ ಮಾನ್ಯ ಡಿಗ್ರಿಯಲ್ಲಿ ಶೇ 50 ಅಂಕ ಸಾಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ 45. ಹಾಗಾಗಿ ಡಿಗ್ರಿಗೇ ಇದ್ದಬದ್ದ ದುಡ್ಡೆಲ್ಲಾ ಸುರಿದು, ಎಂಬಿಎ ಹೊತ್ತಿಗೆ ಕೈ ಖಾಲಿ ಮಾಡಿಕೊಳ್ಳಬೇಡಿ. ಸಿಎ ಮಾಡುವ ಮನಸ್ಸಿದ್ದರೆ ಇನ್ನೂ ಯೋಚಿಸಿ. ದಿನಪೂರ್ತಿ ತರಗತಿ, ಕಡ್ಡಾಯ ಹಾಜರಿ ಇರುವ ವಸತಿ ಕ್ಯಾಂಪಸ್ಸಿನಲ್ಲಿದ್ದುಕೊಂಡು ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ಮಾಡಬೇಕಾದ ತರಬೇತಿ) ಮಾಡುವುದು ಕಷ್ಟ. ಊರಲ್ಲೇ ಬಿಕಾಂ ಮಾಡುತ್ತಾ ಸಿಎ ಓದುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಗದಿದ್ದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಾಲೇಜುಗಳನ್ನೂ ಅದೇ ಪಟ್ಟಿಯಲ್ಲಿಟ್ಟು ಹೋಲಿಸಿ. ಇನ್ನೊಂದು ವಿಷಯ: ಪುಣೆಯ ಸಿಂಬಯೋಸಿಸ್, ಮುಂಬೈನ ಎನ್‌ಎಂಐಎಂಎಸ್ ವಿಶ್ವವಿದ್ಯಾಲಯ ಎರಡಕ್ಕೂ ಬೆಂಗಳೂರಿನಲ್ಲಿ ಕ್ಯಾಂಪಸ್ ಇದೆ. ಇತ್ತ ಬೆಂಗಳೂರಿನ ಕ್ರೈಸ್ಟ್‌ಗೆ ಪುಣೆ ಹತ್ತಿರದ ಲವಾಸಾದಲ್ಲೂ ದೆಹಲಿ ಪಕ್ಕದಲ್ಲೂ ಕ್ಯಾಂಪಸ್ ಇದೆ. ಹೆಸರು ಒಂದೇ ಆದರೂ ಅಧ್ಯಾಪಕರು, ಕಂಪನಿಗಳು, ಕಟ್‌ಆಫ್ ಎಲ್ಲಾ ಕ್ಯಾಂಪಸ್ಸಿಗೆ ತಕ್ಕಂತೆ ಬದಲಾಗುತ್ತವೆ. 'ನಮ್ಮ ಹುಡುಗನಿಗೆ ಇಂಥಲ್ಲಿ ಸೀಟು ಸಿಕ್ತು' ಅಂತ ಯಾರಾದರೂ ಹೇಳಿದರೆ ಯಾವ ಕ್ಯಾಂಪಸ್ ಅಂತ ಕೇಳಿ.

ಎರಡನೇ ಹೆಜ್ಜೆ: ಪಿಯುಸಿ ಕಾಂಬಿನೇಶನ್

ಇದು ಹೆಚ್ಚಿನವರಿಗೆ ತಡವಾಗಿ ಗೊತ್ತಾಗುತ್ತದೆ. ಹೊರಗೆ ಓದಬೇಕೋ ಬೇಡವೋ ಅನ್ನುವುದು ಅರ್ಧದಷ್ಟು ಪ್ರಥಮ ಪಿಯು ಪ್ರವೇಶದ ದಿನವೇ ತೀರ್ಮಾನವಾಗಿರುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಬಿಎಂಎಸ್ (ಮ್ಯಾನೇಜ್‌ಮೆಂಟ್ ಸ್ಟಡೀಸ್), ಬಿಬಿಎ ಫೈನಾನ್ಶಿಯಲ್ ಇನ್ವೆಸ್ಟ್‌ಮೆಂಟ್ ಅನಾಲಿಸಿಸ್, ಬಿಸಿನೆಸ್ ಎಕನಾಮಿಕ್ಸ್ ಕೋರ್ಸ್‌ಗಳನ್ನು ತೆಗೆದುಕೊಳ್ಳಿ. ಇವುಗಳಿಗೆ ಸಿಯುಇಟಿಯಲ್ಲಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಒಂದು ಭಾಷೆ, ಗಣಿತ ಅಥವಾ ಅಪ್ಲೈಡ್ ಗಣಿತ, ಜೊತೆಗೆ ಜನರಲ್ ಆಪ್ಟಿಟ್ಯೂಡ್ ಟೆಸ್ಟ್ ಬರೆಯಬೇಕು. ಹನ್ನೆರಡನೇ ತರಗತಿಯಲ್ಲಿ ಓದಿದ ವಿಷಯಗಳನ್ನೇ ಸಿಯುಇಟಿಯಲ್ಲೂ ಬರೆದಿರಬೇಕು ಅನ್ನುವುದು ಅಲ್ಲಿನ ನಿಯಮ. ಅಂದಮೇಲೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಇರುವ ಹೆಬಾ ತೆಗೆದುಕೊಂಡವರಿಗೆ ಆ ಬಾಗಿಲು ಮುಚ್ಚಿದ ಹಾಗೆ. ಬೇಸಿಕ್ ಮ್ಯಾಥ್ಸ್ ಓದಿದವರು ಅದನ್ನು ಗಣಿತ ಅಂತ ಒಪ್ಪುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಉತ್ತರ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಗಣಿತ ಇಲ್ಲದವರು ಎದೆಗುಂದಬೇಕಾಗಿಲ್ಲ. ಅದೇ ದೆಹಲಿ ವಿಶ್ವವಿದ್ಯಾಲಯದ ಬಿಕಾಂ ಆನರ್ಸ್‌ಗೆ ಗಣಿತದ ಬದಲು ಲೆಕ್ಕಶಾಸ್ತ್ರದ ದಾರಿಯೂ ಇದೆ. ಸುಮಾರು ಕಡೆ ಬಿಬಿಎಗೆ ಯಾವ ವಿಭಾಗದವರಾದರೂ ಆದೀತು.

ಮೂರನೇ ಹೆಜ್ಜೆ: ಯಾವ ಪರೀಕ್ಷೆ, ಯಾವಾಗ?

ಅನೇಕ ಪ್ರವೇಶ ಪರೀಕ್ಷೆಗಳ ಅರ್ಜಿ ಪಿಯು ಫಲಿತಾಂಶಕ್ಕಿಂತ ಮೊದಲೇ ತೆರೆದು ಮುಚ್ಚುತ್ತವೆ. ಫಲಿತಾಂಶ ಬಂದ ಮೇಲೆ ನೋಡೋಣ ಅಂದರೆ ಕೈಯಲ್ಲಿ ಉಳಿಯುವುದು ನೇರ ಪ್ರವೇಶದ ಸೀಟು ಮಾತ್ರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ ಅಧಿಕೃತ ವೆಬ್‌ಸೈಟ್‌ಗಳನ್ನು ನೋಡುತ್ತಿರಿ.

ಸಿಯುಇಟಿ 2022ರಲ್ಲಿ ಶುರುವಾಯಿತು. ದೆಹಲಿ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಇದೇ ಹೆದ್ದಾರಿ. 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ. 2025ರಿಂದ ಒಬ್ಬರು ಹೆಚ್ಚೆಂದರೆ 5 ವಿಷಯ ಬರೆಯಬಹುದು. ಒಂದು ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಪಠ್ಯ ಹನ್ನೆರಡನೆಯ ಎನ್‌ಸಿಇಆರ್‌ಟಿಯದು. ದೆಹಲಿಗೆ ಇದೊಂದೇ ಸಾಲದು. ಅಂಕ ಬಂದ ಮೇಲೆ ವಿಶ್ವವಿದ್ಯಾಲಯದ ಸೀಟು ಹಂಚಿಕೆ ಪೋರ್ಟಲ್‌ನಲ್ಲಿ ಪ್ರತ್ಯೇಕ ನೋಂದಣಿ ಮಾಡಿ ಕಾಲೇಜು, ಕೋರ್ಸುಗಳ ಆದ್ಯತೆ ತುಂಬಬೇಕು. ಇದನ್ನು ಮರೆತು ಒಳ್ಳೆ ಅಂಕ ಇದ್ದೂ ಸೀಟು ಕಳೆದುಕೊಳ್ಳಬೇಡಿ.

ಮಹಾರಾಷ್ಟ್ರದ ಕಾಲೇಜುಗಳಿಗೆ 2024ರಿಂದ ಬಿಬಿಎ, ಬಿಎಂಎಸ್, ಬಿಸಿಎಗೆ ಆ ರಾಜ್ಯದ ಸಿಇಟಿ ಸೆಲ್ ಬೇರೆಯೇ ಪ್ರವೇಶ ಪರೀಕ್ಷೆ ನಡೆಸುತ್ತಿದೆ. ಕೊಲ್ಹಾಪುರ, ಸಾಂಗ್ಲಿ, ಪುಣೆ ಕಡೆ ಕಣ್ಣಿಟ್ಟವರು ಇದನ್ನು ಬರೆಯಬೇಕು. ನೀವು ಅಲ್ಲಿಗೆ ಹೊರರಾಜ್ಯದವರು. ಅಲ್ಲಿನ ಸ್ಥಳೀಯರ ಕಟ್‌ಆಫ್ ನೋಡಿ ಲೆಕ್ಕ ಹಾಕಬೇಡಿ, ಹೊರರಾಜ್ಯದವರಿಗೆ ಎಷ್ಟು ಸೀಟು ಅಂತ ಮಾಹಿತಿ ಪುಸ್ತಕದಲ್ಲಿ ಹುಡುಕಿ.

ಸಿಂಬಯೋಸಿಸ್‌ಗೆ ಎಸ್‌ಇಟಿ, ಎನ್‌ಎಂಐಎಂಎಸ್‌ಗೆ ಎನ್‌ಪ್ಯಾಟ್. ಐಐಎಂ ಇಂದೋರ್‌ನ ಐದು ವರ್ಷದ ಐಪಿಎಂಗೆ (ಡಿಗ್ರಿ, ಎಂಬಿಎ ಎರಡೂ ಸೇರಿದ ಕೋರ್ಸ್) ಐಪಿಮ್ಯಾಟ್, ಜಮ್ಮು ಮತ್ತು ಬೋಧಗಯಾ ಐಐಎಂಗಳಿಗೆ ಜಿಪ್‌ಮ್ಯಾಟ್. ಇವೆಲ್ಲಾ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷ್ ಓದುವ ವೇಗಕ್ಕೆ ಪ್ರಥಮ ಪಿಯುನಿಂದಲೇ ದಿನಾ ಸ್ವಲ್ಪ ಹೊತ್ತು ಮೀಸಲಿಟ್ಟರೆ ಸಾಕು. ಬುದ್ಧಿ ಕಡಿಮೆ ಅಂತಲ್ಲ, ಅಭ್ಯಾಸ ಕಡಿಮೆ ಅಷ್ಟೇ.

ಅರ್ಜಿ ತುಂಬುವ ಮೊದಲು ಹೆಸರು ಸರಿಮಾಡಿಕೊಳ್ಳಿ. ನಮ್ಮ ಕಡೆ ಇದೊಂದು ದೊಡ್ಡ ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಎಸ್ ಪಾಟೀಲ', ಆಧಾರ್‌ನಲ್ಲಿ 'ಬಸವರಾಜ ಶಿವಪ್ಪ ಪಾಟೀಲ', ಬ್ಯಾಂಕ್ ಖಾತೆಯಲ್ಲಿ 'ಪಾಟೀಲ ಬಸವರಾಜ'. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆ, ಅಕ್ಷರಕ್ಕೆ ಅಕ್ಷರ, ಆಧಾರ್ ತಿದ್ದಿಸಿ. ಅದಾದ ಮೇಲೇ ಅಪಾರ್ ಐಡಿ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ), ಡಿಜಿಲಾಕರ್, ಅರ್ಜಿ. ದೀಪಾವಳಿ ರಜೆಯಲ್ಲಿ ಈ ಕೆಲಸ ಮುಗಿಸಿದರೆ ಮುಂದೆ ನೆಮ್ಮದಿ.

ನಾಲ್ಕನೇ ಹೆಜ್ಜೆ: ಮಾನ್ಯತೆ ಮತ್ತು ಕೋರ್ಸಿನ ಹೆಸರು

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವೆಬ್‌ಸೈಟ್‌ನಲ್ಲಿ ವಿಶ್ವವಿದ್ಯಾಲಯಗಳ ಪಟ್ಟಿ ಇದೆ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಇದೆ. ಎರಡನ್ನೂ ತೆರೆದು ನೋಡಿ, ಐದು ನಿಮಿಷದ ಕೆಲಸ. 2024-25ರಿಂದ ಬಿಬಿಎ, ಬಿಎಂಎಸ್, ಬಿಸಿಎ ಕೋರ್ಸ್‌ಗಳು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ವ್ಯಾಪ್ತಿಗೆ ಬಂದಿವೆ. ಯಾವುದೋ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಆಗಿದ್ದರೆ ಆ ವರ್ಷದ ಎಐಸಿಟಿಇ ಅನುಮತಿ ಪತ್ರ ತೋರಿಸಿ ಅನ್ನಿ. ಈ ನಿಯಮ ಬಂದ ಮೇಲೆ ಮುಂಬೈ ಕಡೆಯ ಎಷ್ಟೋ ಕಾಲೇಜುಗಳು ಬಿಎಂಎಸ್ ಅನ್ನು 'ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್' ಅಂತ ಮಾಡಿಕೊಂಡವು. ಹಾಗೆ ಮಾಡಿದ್ದು ತಪ್ಪು ಅಂತಲ್ಲ, ಆದರೆ ನಿಮ್ಮ ಪದವಿ ಪತ್ರದ ಮೇಲೆ ಏನು ಅಚ್ಚಾಗುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು.

ವರ್ಷ ಎಷ್ಟು ಅಂತಲೂ ಕೇಳಿ. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ಹೊರಗೆ ಅನೇಕ ಕಡೆ ನಾಲ್ಕು ವರ್ಷದ ಆನರ್ಸ್ ನಡೆಯುತ್ತಿದೆ, ಮೂರು ವರ್ಷಕ್ಕೇ ಡಿಗ್ರಿ ತೆಗೆದುಕೊಂಡು ಹೊರಬರುವ ಅವಕಾಶವೂ ಇರುತ್ತದೆ. ನಾಲ್ಕನೇ ವರ್ಷ ಅಂದರೆ ಇನ್ನೊಂದು ವರ್ಷದ ಫೀ, ಇನ್ನೊಂದು ವರ್ಷದ ಹಾಸ್ಟೆಲ್.

ಐದನೇ ಹೆಜ್ಜೆ: ಬ್ರೋಷರ್ ಬದಿಗಿಟ್ಟು ಎನ್‌ಐಆರ್‌ಎಫ್ ಕಡತ ಓದಿ

ಈ ಬರಹದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಎನ್‌ಐಆರ್‌ಎಫ್ (ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಶ್ರೇಣಿ ಪಟ್ಟಿ) ಅಂದರೆ ಎಲ್ಲರೂ ರ್‍ಯಾಂಕ್ ನೋಡುತ್ತಾರೆ. ರ್‍ಯಾಂಕ್‌ಗಿಂತ ಬೆಲೆಬಾಳುವುದು ಅದರ ಹಿಂದಿನ ಕಡತ. ಭಾಗವಹಿಸಿದ ಪ್ರತಿ ಸಂಸ್ಥೆಯೂ ತಾನು ಸಲ್ಲಿಸಿದ ಅಂಕಿಅಂಶಗಳನ್ನು ಪಿಡಿಎಫ್ ರೂಪದಲ್ಲಿ ತನ್ನ ವೆಬ್‌ಸೈಟ್‌ನಲ್ಲೇ ಹಾಕಿರುತ್ತದೆ. ಪುಟದ ಅಡಿಯಲ್ಲೆಲ್ಲೋ 'ಎನ್‌ಐಆರ್‌ಎಫ್' ಅಂತ ಸಣ್ಣ ಕೊಂಡಿ ಇರುತ್ತದೆ. 'ಮ್ಯಾನೇಜ್‌ಮೆಂಟ್' ವಿಭಾಗದ ಕಡತ ಹೆಚ್ಚಾಗಿ ಎಂಬಿಎ ಮಕ್ಕಳದ್ದು. ಬಿಬಿಎಗೆ ಅದನ್ನು ನಂಬಬೇಡಿ. 'ಯೂನಿವರ್ಸಿಟಿ', 'ಓವರಾಲ್' ಅಥವಾ 'ಕಾಲೇಜ್' ವಿಭಾಗದ ಕಡತ ತೆರೆಯಿರಿ.

ಅದರಲ್ಲಿ ವಿದ್ಯಾರ್ಥಿಗಳ ಸಂಖ್ಯೆಯ ಕೋಷ್ಟಕ ಬರುತ್ತದೆ. ಮೂರು ವರ್ಷದ ಡಿಗ್ರಿಯ ಸಾಲಿನಲ್ಲಿ ಆ ರಾಜ್ಯದವರು ಎಷ್ಟು, ಹೊರರಾಜ್ಯದವರು ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. 'ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ' ಅನ್ನುವ ಮಾತು ನಿಜವೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಪೂರ್ತಿ ಫೀ ಮರುಪಾವತಿ ಎಷ್ಟು ಮಂದಿಗೆ ಸಿಕ್ಕಿದೆ ಅನ್ನುವ ಅಂಕಣವೂ ಅಲ್ಲೇ ಇದೆ. 'ಸ್ಕಾಲರ್‌ಶಿಪ್ ಕೊಡ್ತೀವಿ' ಅಂದವರ ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಆಮೇಲೆ ಪ್ಲೇಸ್‌ಮೆಂಟ್ ಮತ್ತು ಉನ್ನತ ಶಿಕ್ಷಣದ ಕೋಷ್ಟಕ. ಮೊದಲ ವರ್ಷಕ್ಕೆ ಸೇರಿದವರು, ನಿಗದಿತ ಅವಧಿಯಲ್ಲೇ ಪಾಸಾದವರು, ಕೆಲಸ ಸಿಕ್ಕವರು, ಮಧ್ಯಮ ಸಂಬಳ, ಉನ್ನತ ಶಿಕ್ಷಣಕ್ಕೆ ಹೋದವರು, ಹೀಗೆ ಸಾಲಾಗಿ ಇರುತ್ತದೆ. ಉದಾಹರಣೆಗೆ ಸೇರಿದವರು 400, ಸಮಯಕ್ಕೆ ಪಾಸಾದವರು 340, ಕೆಲಸ ಸಿಕ್ಕವರು 120, ಮುಂದೆ ಓದಲು ಹೋದವರು 100 ಅಂತಿಟ್ಟುಕೊಳ್ಳಿ. 60 ಮಂದಿ ಸಮಯಕ್ಕೆ ಮುಗಿಸಿಲ್ಲ. ಮುಗಿಸಿದವರಲ್ಲಿ 120 ಮಂದಿ ಏನಾದರು ಅಂತ ಕಡತ ಹೇಳುವುದಿಲ್ಲ. ಆ ಪ್ರಶ್ನೆಯನ್ನೇ ಕಾಲೇಜಿಗೆ ಕೇಳಿ.

ಮಧ್ಯಮ ಸಂಬಳ ಅಂದರೆ ಕೆಲಸ ಸಿಕ್ಕವರಲ್ಲಿ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಜಾಸ್ತಿ ಪಡೆದಿದ್ದಾರೆ ಅಂತ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಅತಿ ಹೆಚ್ಚು ಪ್ಯಾಕೇಜ್, ಅದು ಒಬ್ಬರ ಕಥೆ. ಒಂದು ಎಚ್ಚರ: ಈ ಅಂಕಿಗಳು ಸಂಸ್ಥೆಯೇ ಕೊಟ್ಟಿದ್ದು, ಅದೂ ಮೂರು ವರ್ಷದ ಎಲ್ಲಾ ಡಿಗ್ರಿಗಳನ್ನು ಸೇರಿಸಿ. ಹಾಗಾಗಿ ಬಿಬಿಎ ಒಂದಕ್ಕೇ ಎಷ್ಟು ಅಂತ ಇಮೇಲ್‌ನಲ್ಲಿ ಕೇಳಿ. ಒಳ್ಳೆಯ ಸಂಸ್ಥೆ ಉತ್ತರ ಕೊಡುತ್ತದೆ. 'ಬನ್ನಿ, ಕ್ಯಾಂಪಸ್ ನೋಡಿ' ಅಂತ ಮಾತು ತೇಲಿಸಿದರೆ ಅದೂ ಒಂದು ಉತ್ತರವೇ.

ಅಧ್ಯಾಪಕರ ಪಟ್ಟಿ ಇದ್ದರೆ ಅದನ್ನೂ ಓದಿ. ವಿದ್ಯಾರ್ಹತೆ, ಅನುಭವ, ಸೇರಿದ ದಿನಾಂಕ, ಬಿಟ್ಟ ದಿನಾಂಕ ಇರುತ್ತದೆ. ಮ್ಯಾನೇಜ್‌ಮೆಂಟ್, ಕಾಮರ್ಸ್ ವಿಭಾಗದಲ್ಲಿ ಹೆಚ್ಚಿನವರು ವರ್ಷದೊಳಗೆ ಸೇರಿದವರೇ ಆಗಿದ್ದರೆ ಯಾಕೆ ಅಂತ ಯೋಚಿಸಿ.

ಆರನೇ ಹೆಜ್ಜೆ: ಪೂರ್ತಿ ಖರ್ಚಿನ ಲೆಕ್ಕ

ಫೇರ್‌ನಲ್ಲಿ ಹೇಳುವುದು ಮೊದಲ ವರ್ಷದ ಬೋಧನಾ ಶುಲ್ಕ. ವರ್ಷಕ್ಕೆ 3 ಲಕ್ಷ ಅಂದುಕೊಳ್ಳಿ, ಪ್ರತಿ ವರ್ಷ ಶೇ 10 ಏರಿಕೆ. 3 ಲಕ್ಷ, 3.3 ಲಕ್ಷ, 3.63 ಲಕ್ಷ. ಮೂರು ವರ್ಷಕ್ಕೆ 9.93 ಲಕ್ಷ ಆಯಿತು. ಹಾಸ್ಟೆಲ್ ಮತ್ತು ಊಟಕ್ಕೆ ವರ್ಷಕ್ಕೆ 1.5 ಲಕ್ಷ ಹಿಡಿದರೆ ಇನ್ನೂ 4.5 ಲಕ್ಷ. ಇಷ್ಟಕ್ಕೇ 14.43 ಲಕ್ಷ. ಡೆಪಾಸಿಟ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಇಂಟರ್ನ್‌ಶಿಪ್‌ಗೆ ಬೇರೆ ಊರಲ್ಲಿ ಇರುವ ಖರ್ಚು, ಯುಗಾದಿ-ದಸರೆಗೆ ಊರಿಗೆ ಬಂದುಹೋಗುವ ಖರ್ಚು ಇನ್ನೂ ಸೇರಿಲ್ಲ. ಫೀ ಏರಿಕೆಯ ಶೇಕಡಾವಾರು ಎಷ್ಟು ಅಂತ ಲಿಖಿತವಾಗಿ ಕೇಳಿ.

ಸಾಲ ಮಾಡುವುದಿದ್ದರೆ ಕಂತನ್ನು ಈಗಲೇ ಲೆಕ್ಕ ಹಾಕಿ. 10 ಲಕ್ಷಕ್ಕೆ ಶೇ 10 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಓದುವ ಕಾಲದ ಬಡ್ಡಿ ಸೇರಿದರೆ ಇನ್ನೂ ಜಾಸ್ತಿ. ಈಗ ಆ ಮಧ್ಯಮ ಸಂಬಳವನ್ನು 12ರಿಂದ ಭಾಗಿಸಿ ಪಕ್ಕದಲ್ಲಿ ಬರೆಯಿರಿ. ಬಾಡಿಗೆ, ಊಟ ಕಳೆದು ಕಂತು ಕಟ್ಟಲು ಆಗುತ್ತದಾ? ಆಗದಿದ್ದರೆ ಕಟ್ಟುವವರು ಅಪ್ಪ-ಅಮ್ಮ. ಅದು ಮಗುವಿಗೂ ಗೊತ್ತಿರಲಿ, ಈಗಲೇ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆ 2024ರ ನವೆಂಬರ್‌ನಲ್ಲಿ ಮಂಜೂರಾಗಿದೆ. ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ ಆಸ್ತಿ ಅಡವು, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನ ಪಡೆಯಲು ಅರ್ಜಿ ಹಾಕಬಹುದು. ಅದಕ್ಕೇ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಅಂತ ಸೀಟು ಒಪ್ಪಿಕೊಳ್ಳುವ ಮೊದಲೇ ನೋಡಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದರೆ ಈ ಸೌಲಭ್ಯ ಇಲ್ಲ.

ಪಿಯುನಲ್ಲಿ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದವರು, ಕುಟುಂಬದ ಆದಾಯ 4.5 ಲಕ್ಷದೊಳಗೆ ಇರುವವರು ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ಯಾವ ರಾಜ್ಯದಲ್ಲಿ ಓದಿದರೂ ಸರಿ. ದೊಡ್ಡ ಮೊತ್ತವಲ್ಲ, ಆದರೆ ಹಬ್ಬಕ್ಕೆ ಬಂದುಹೋಗುವ ಖರ್ಚು ಕಳೆಯುತ್ತದೆ.

ಏಳನೇ ಹೆಜ್ಜೆ: ಮೀಸಲಾತಿ ಪ್ರಮಾಣಪತ್ರ

ರಾಜ್ಯದ ಪ್ರವರ್ಗ 2ಎ, 3ಎ, 3ಬಿ ಪ್ರಮಾಣಪತ್ರ ಕರ್ನಾಟಕದ ಗಡಿ ದಾಟಿದರೆ ನಡೆಯುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ಒಬಿಸಿ ಪಟ್ಟಿಯೇ ಆಧಾರ. ನಮ್ಮ ಜಿಲ್ಲೆಯಲ್ಲಿ 3ಬಿಯಲ್ಲಿರುವ ಎಷ್ಟೋ ಕುಟುಂಬಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ನಿಮ್ಮ ಜಾತಿ, ಉಪಜಾತಿಯ ಹೆಸರು ಅಲ್ಲಿದೆಯೇ ಅಂತ ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗದ ವೆಬ್‌ಸೈಟ್‌ನಲ್ಲಿ ನೋಡಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರ ಕೇಳಿ. ಹಳೆಯದು ಬೇಡ, ಆ ಆರ್ಥಿಕ ವರ್ಷದ್ದೇ ಬೇಕು.

ಕೇಂದ್ರದ ಯಾವ ಮೀಸಲಾತಿ ಪಟ್ಟಿಯಲ್ಲೂ ಇಲ್ಲದವರಿಗೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿ) ಇದೆ. ಆದಾಯ 8 ಲಕ್ಷದೊಳಗೆ ಇರಬೇಕು. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ ಸಿಗುವುದಿಲ್ಲ. ಒಣಬೇಸಾಯ, ನೀರಾವರಿ ಅಂತ ಇಲ್ಲಿ ಭೇದವಿಲ್ಲ. ಮಳೆ ನಂಬಿದ ಎಂಟೆಕರೆ ಎರೆಹೊಲದ ರೈತನ ಮಗ ಇದರಿಂದ ಹೊರಗುಳಿಯುತ್ತಾನೆ. ಇದು ನನ್ನ ಪ್ರಕಾರ ಅನ್ಯಾಯ, ಆದರೆ ಸದ್ಯಕ್ಕೆ ನಿಯಮ ಇರುವುದೇ ಹಾಗೆ.

ಎಂಟನೇ ಹೆಜ್ಜೆ: ಒಮ್ಮೆ ಹೋಗಿ ನೋಡಿ ಬನ್ನಿ

ಪಟ್ಟಿ ಎರಡು-ಮೂರಕ್ಕೆ ಇಳಿದ ಮೇಲೆ ಹೋಗಿ. ಭಾನುವಾರ ಬೇಡ, ತರಗತಿ ನಡೆಯುವ ದಿನ ಹೋಗಿ. ಬೆಳಗಾವಿಯಿಂದ ಕೊಲ್ಹಾಪುರ ಸುಮಾರು 110 ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಪುಣೆ ಸುಮಾರು 340. 2024ರಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಬೆಳಗಾವಿ ಮೇಲೆ ಹೋಗುತ್ತದೆ. ದೆಹಲಿಗೆ ಗೋವಾ ಎಕ್ಸ್‌ಪ್ರೆಸ್ ಇದೆ, ಒಂದೂವರೆ ದಿನದ ಹಾದಿ. ವಿಜಯಪುರದವರಿಗೆ ಸೊಲ್ಲಾಪುರ 100 ಕಿಲೋಮೀಟರ್ ಆಸುಪಾಸು. ಮಗುವಿಗೆ ಜ್ವರ ಬಂದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದನ್ನೂ ಲೆಕ್ಕದಲ್ಲಿಡಿ.

ಅಲ್ಲಿ ಮಾರ್ಗದರ್ಶನಕ್ಕೆ ಬರುವ ಸಿಬ್ಬಂದಿಯನ್ನು ಬಿಟ್ಟು ಕ್ಯಾಂಟೀನ್‌ನಲ್ಲಿ ಕೂತ ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಇಂಟರ್ನ್‌ಶಿಪ್ ಕಾಲೇಜು ಕೊಡಿಸಿತಾ, ನೀವೇ ಹುಡುಕಿದಿರಾ ಅಂತ ಕೇಳಿ. ಹಾಸ್ಟೆಲ್ ಮೂರೂ ವರ್ಷ ಸಿಗುತ್ತದಾ, ಮೊದಲ ವರ್ಷ ಮಾತ್ರವಾ? ಜೋಳದ ರೊಟ್ಟಿ ಸಿಗದು, ಅದಕ್ಕೆ ಹೊಂದಿಕೊಳ್ಳಬಹುದು. ನೀರು, ಶೌಚಾಲಯ, ರಾತ್ರಿ ಭದ್ರತೆ ಸರಿ ಇಲ್ಲದಿದ್ದರೆ ಹೊಂದಿಕೊಳ್ಳಬಾರದು.

ಭಾಷೆಯ ವಿಷಯದಲ್ಲಿ ನಮ್ಮವರಿಗೆ ಅಷ್ಟು ಭಯ ಬೇಡ. ಮರಾಠಿ, ಹಿಂದಿ ಕಿವಿಗೆ ಬಿದ್ದೇ ಬೆಳೆದ ಮಕ್ಕಳಿವರು.

ಒಂಬತ್ತನೇ ಹೆಜ್ಜೆ: ದುಡ್ಡು ಕಟ್ಟುವುದು, ಕಾಗದ ಜೋಡಿಸುವುದು

ದುಡ್ಡು ಸಂಸ್ಥೆಯ ಖಾತೆಗೇ ಹೋಗಬೇಕು. ಏಜೆಂಟ್ ಕೈಗೆ ನಗದು ಬೇಡವೇ ಬೇಡ. ಒಂದೇ ಕಡೆ ಫೀ ಕಟ್ಟಿ, ಆಮೇಲೆ ಉತ್ತಮ ಸೀಟು ಸಿಕ್ಕರೆ ಬಿಡಬಹುದು. ಯುಜಿಸಿಯ 2018ರ ಅಧಿಸೂಚನೆ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಶೇ 100 ವಾಪಸ್ ಕೊಡಬೇಕು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಾಗ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. 2024-25ಕ್ಕೆ ಯುಜಿಸಿ ಇನ್ನೂ ಸಡಿಲಿಸಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್ ಅಂದಿತ್ತು. ನೀವು ಸೇರುವ ವರ್ಷದ ಸುತ್ತೋಲೆ ತೆಗೆದು ನೋಡಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ. ಪರಿಶೀಲಿಸಿ ವಾಪಸ್ ಕೊಡಬೇಕು. 'ಇಲ್ಲೇ ಇರಲಿ' ಅಂದರೆ ಒಪ್ಪಬೇಡಿ.

ಪಿಯು ಕಾಲೇಜಿನಿಂದ ಟಿಸಿ ಮತ್ತು ನಡತೆ ಪ್ರಮಾಣಪತ್ರ, ಬೋರ್ಡಿನಿಂದ ಮೈಗ್ರೇಶನ್ ಪ್ರಮಾಣಪತ್ರ ಬೇಕು. ಮೈಗ್ರೇಶನ್ ನಮ್ಮ ರಾಜ್ಯದೊಳಗೆ ಓದುವವರು ಕೇಳಿಯೇ ಇರುವುದಿಲ್ಲ, ಹೊರಗೆ ಹೋದವರಿಗೆ ಮಾತ್ರ ಬಿಸಿ ಮುಟ್ಟುತ್ತದೆ. ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ. ಎಲ್ಲದರದ್ದೂ ಸ್ಕ್ಯಾನ್ ಪ್ರತಿ ಮಗುವಿನ ಇಮೇಲ್‌ನಲ್ಲೂ ನಿಮ್ಮ ಫೋನ್‌ನಲ್ಲೂ ಇರಲಿ.

ಪ್ರವೇಶದ ಹೊತ್ತಿಗೆ ರ್‍ಯಾಗಿಂಗ್ ವಿರೋಧಿ ಮುಚ್ಚಳಿಕೆ ತುಂಬಿಸುತ್ತಾರೆ. ಅದನ್ನು ಸುಮ್ನೆ ಸಹಿ ಮಾಡಿ ಕೊಡಬೇಡಿ, ಮಗುವಿನ ಜೊತೆ ಕೂತು ಓದಿ. ರಾಷ್ಟ್ರೀಯ ಸಹಾಯವಾಣಿ 1800-180-5522 ಅವರ ಫೋನ್‌ನಲ್ಲಿ ಸೇವ್ ಆಗಿರಲಿ. ಸಾಲ ತೆಗೆದವರು ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿ ಮತ್ತು ಮುಂದಿನ ಕಂತಿನ ಫೀ ಪತ್ರವನ್ನು ಬೆಳಗಾವಿಯ ಬ್ಯಾಂಕ್ ಶಾಖೆಗೆ ತಲುಪಿಸಿ. ಅದು ತಡವಾದರೆ ಬ್ಯಾಂಕು ಎರಡನೇ ಕಂತು ಬಿಡುಗಡೆ ಮಾಡುವುದು ತಡವಾಗುತ್ತದೆ, ಅಲ್ಲಿ ಕಾಲೇಜು ದಂಡ ಹಾಕಲು ಶುರುಮಾಡುತ್ತದೆ.